ಪ್ರಣತಿಯ ಕತ್ತಿನ ಗಂಟು

೮ ಡಿಸೆಂಬರ್ ೨೦೨೪, ಭಾನುವಾರ. ಗ್ಲೆನ್ ವೇವರ್ಲಿ, ಮೆಲ್ಬರ್ನ್

ಪ್ರಣತಿಯ ಮಗುವಿನ ಬಲಗಣ್ಣಿನೊಳಗೆ ಗಾಯದ ಕಲೆ ಇದೆಯಂತೆ. ಊಟಕ್ಕೆ ಕೂತಾಗ ಭಾಗೀರಥಿ ಹೇಳಿದಳು. ಬೆಳಿಗ್ಗೆ ಸಿಡ್ನಿಯಿಂದ ಪ್ರಣತಿಯೇ ಫೋನ್ ಮಾಡಿದ್ದಳಂತೆ. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿಲ್ಲ. ಕಣ್ಣು ಮೂಗಿನ ಕಡೆಗೆ ಎಳೆಯುತ್ತದೆ ಎಂದು ತೋರಿಸಲು ಹೋದರೆ, ಕಣ್ಣಿನ ಡಾಕ್ಟರು ಒಳಗೆ ನೋಡಿ, ತಾಯಿ ಮಗು ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದಾರೆ. ಟಾಕ್ಸೊಪ್ಲಾಸ್ಮೋಸಿಸ್.

"ಹಂಗಂದ್ರೇನು ರೀ?" ಎಂದಳು.

ಹೇಳಿದೆ. ಬೆಕ್ಕಿನ ಕರುಳಿನಲ್ಲಿ ಬೆಳೆಯುವ ಒಂದು ಸೂಕ್ಷ್ಮಜೀವಿ. ಅದರ ಹೇಲಿನಿಂದ ಮಣ್ಣಿಗೆ, ಮಣ್ಣಿನಿಂದ ಸರಿಯಾಗಿ ತೊಳೆಯದ ಸೊಪ್ಪಿಗೆ. ಅರೆಬೆಂದ ಮಾಂಸದಲ್ಲೂ ಇರುತ್ತದೆ. ದೊಡ್ಡವರಿಗೆ ಬಂದರೆ ಬಂದಿದ್ದೇ ತಿಳಿಯುವುದಿಲ್ಲ. ಒಂದಿಷ್ಟು ಸುಸ್ತು, ಸಣ್ಣ ಜ್ವರ, ಕತ್ತಿನಲ್ಲಿ ನೋವಿಲ್ಲದ ಗಂಟು. ಬಸುರಿಯಾಗಿದ್ದಾಗ ಬಂದರೆ ಮಾತ್ರ ಹೊಟ್ಟೆಯ ಮಗುವಿಗೆ ದಾಟಬಹುದು, ಅದರ ಕಣ್ಣಿಗೂ ಮಿದುಳಿಗೂ ಹೋಗಬಹುದು.

ಕತ್ತಿನಲ್ಲಿ ಗಂಟು ಎಂದ ಮೇಲೆ ನನ್ನ ಮಾತು ತೊದಲಿತು. ಭಾಗೀರಥಿ ಮೊಸರು ತರಲು ಎದ್ದಿದ್ದಳು, ಗಮನಿಸಲಿಲ್ಲ.

೯ ಡಿಸೆಂಬರ್

ಮೂವತ್ತೊಂದು ವರ್ಷ ಈ ದೇಶದಲ್ಲಿ ಜಿಪಿ, ಎಂದರೆ ಫ್ಯಾಮಿಲಿ ಡಾಕ್ಟರ್, ಆಗಿದ್ದವನು ನಾನು. ನೋಡಿದ್ದನ್ನು ನೋಡಿದ ಹಾಗೆ ಬರೆದಿಡುವುದು ಅಭ್ಯಾಸ. ಇದನ್ನೂ ಹಾಗೇ ಬರೆಯುತ್ತೇನೆ.

ಏಪ್ರಿಲ್ ೧೪, ಭಾನುವಾರ. ಕನ್ನಡದವರ ಯುಗಾದಿ ಊಟ. ಆಗ ಪ್ರಣತಿ, ಅವಳ ಗಂಡ ಸುದರ್ಶನ್ ಇಲ್ಲೇ ಹತ್ತಿರ ಬಾಕ್ಸ್ ಹಿಲ್‌ನಲ್ಲಿದ್ದರು. ಸಿಡ್ನಿಗೆ ಹೋಗಿದ್ದು ಹೆರಿಗೆಯಾದ ಮೇಲೆ, ಅಕ್ಟೋಬರಿನಲ್ಲಿ. ನಾನು ತಟ್ಟೆ ಹಿಡಿದು ನಿಂತಿದ್ದೆ, ಅವಳು ಬಂದಳು. ಐದು ತಿಂಗಳ ಬಸುರಿ.

"ಅಂಕಲ್, ಇಲ್ಲೊಂದು ಗಂಟಾಗಿದೆ. ಹತ್ತು ದಿನ ಆಯ್ತು. ನೋವೇನಿಲ್ಲ, ಆದ್ರೆ ತುಂಬಾ ಸುಸ್ತು. ಬುಧವಾರ ಜಿಪಿ ಅಪಾಯಿಂಟ್‌ಮೆಂಟ್ ಬುಕ್ ಮಾಡಿದೀನಿ."

ತಟ್ಟೆಯನ್ನು ಎಡಗೈಗೆ ಬದಲಾಯಿಸಿ ಬಲಗೈಯ ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿದೆ. ಬೆರಳುಗಳಿಗೆ ಪಲ್ಯ ಮೆತ್ತಿತ್ತು. ಕಿವಿಯ ಕೆಳಗೆ, ಹಿಂದಕ್ಕೆ, ಎರಡೋ ಮೂರೋ. ರಬ್ಬರಿನ ಹಾಗೆ ಮೆತ್ತಗಿದ್ದವು, ಸರಿದಾಡುತ್ತಿದ್ದವು.

"ವೈರಲ್ ಅಷ್ಟೇ ಕಣಮ್ಮ. ಎರಡು ವಾರದಲ್ಲಿ ಹೋಗತ್ತೆ. ಸುಮ್ನೆ ಯಾಕೆ ಜಿಪಿ? ನೀರು ಕುಡಿ, ಮಲ್ಕೋ" ಎಂದೆ. ಪಕ್ಕದಲ್ಲಿದ್ದವರು ನಕ್ಕರು. ನಾನು ಇನ್ನೇನೋ ತಮಾಷೆ ಮಾಡಿದೆ, ಏನೆಂದು ನೆನಪಿಲ್ಲ.

ಅವಳು ಬುಧವಾರ ಹೋದಳೋ ಇಲ್ಲವೋ ನನಗೆ ಗೊತ್ತಿಲ್ಲ. ಹೋಗಿರಬಹುದು.

೧೫ ಡಿಸೆಂಬರ್

ಮೂರು ದಿನದಿಂದ ಓದುತ್ತಿದ್ದೇನೆ. ಇಲ್ಲಿ ಬಸುರಿಯರಿಗೆಲ್ಲ ಈ ಪರೀಕ್ಷೆ ಮಾಡುವ ನಿಯಮವಿಲ್ಲ. ಬಸಿರಿನಲ್ಲೇ ಚಿಕಿತ್ಸೆ ಕೊಟ್ಟರೆ ಎಷ್ಟು ಉಪಯೋಗ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಗಂಟು ನೋಡಿದ ಹತ್ತು ಡಾಕ್ಟರುಗಳಲ್ಲಿ ಎಂಟು ಜನ ವೈರಲ್ ಎಂದೇ ಹೇಳುತ್ತಾರೆ. ನಾನು ಆಗಲೇ ನಿವೃತ್ತ. ಅದು ಕ್ಲಿನಿಕ್ ಅಲ್ಲ, ಊಟದ ಹಾಲ್.

ಇದನ್ನೆಲ್ಲ ಅಂಕಿಸಂಖ್ಯೆ ಸಮೇತ ಒಂದು ಹಾಳೆಯಲ್ಲಿ ಬರೆದುಕೊಂಡೆ. ಯಾರಾದರೂ ಕೇಳಿದರೆ ಎಂದು. ಯಾರೂ ಕೇಳುತ್ತಿಲ್ಲ.

ಎಂಟು ಜನ ವೈರಲ್ ಎನ್ನುತ್ತಾರೆ, ನಿಜ. ಐದು ತಿಂಗಳ ಬಸುರಿ ಎಂದರೆ ಅವರಲ್ಲಿ ಏಳು ಜನ ರಕ್ತ ಪರೀಕ್ಷೆಗೂ ಬರೆದುಕೊಡುತ್ತಾರೆ. ಕ್ಲಿನಿಕ್‌ನಲ್ಲಿ ಕೂತಿದ್ದರೆ ನಾನೂ ಬರೆಯುತ್ತಿದ್ದೆ.

೪ ಜನವರಿ ೨೦೨೫

ಸುದರ್ಶನ್ ಫೋನ್ ಮಾಡಿದ್ದ. "ಅಂಕಲ್, ಸ್ಪೆಷಲಿಸ್ಟ್ ಲೆಟರ್ ನಾಲ್ಕು ಪುಟ ಇದೆ. ಅರ್ಧ ಅರ್ಥ ಆಗ್ತಿಲ್ಲ. ಲಾಂಗ್ ವೀಕೆಂಡ್‌ಗೆ ನೀವೂ ಆಂಟಿನೂ ಬರ್ತೀರಾ? ನಮ್ಮಮ್ಮ ಮೈಸೂರಿಂದ ಬಂದಿದಾರೆ. ಅವರಿಗೆ ನೀವು ಹೇಳಿದ್ರೆ ಸಮಾಧಾನ. ನಿಮ್ಮ ಮೇಲೆ ನಮಗೆಲ್ಲ ಒಂದು ಭರವಸೆ."

ಬರುತ್ತೇವೆ ಎಂದೆ. ಬೇರೇನು ಹೇಳಲಿ.

೨೬ ಜನವರಿ, ಭಾನುವಾರ. ಚಾಟ್ಸ್‌ವುಡ್, ಸಿಡ್ನಿ

ಹದಿನಾಲ್ಕನೇ ಮಹಡಿ, ಎರಡು ಬೆಡ್‌ರೂಮ್. ಬಾಲ್ಕನಿಯಿಂದ ಮೆಟ್ರೊ ಕಾಣುತ್ತದೆ. ಫ್ರಿಜ್ಜಿನ ಮೇಲೆ ಮಗುವಿನ ಔಷಧದ ಪಟ್ಟಿ ಅಂಟಿಸಿದ್ದಾರೆ. ಎರಡು ಔಷಧ, ಜೊತೆಗೆ ಅವುಗಳಿಂದ ರಕ್ತ ಕೆಡದಿರಲಿ ಎಂದು ಮೂರನೆಯದು. ಹೀಗೆ ಒಂದು ವರ್ಷ. ಮೊದಲು ವಾರ ವಾರ, ಈಗ ಎರಡು ವಾರಕ್ಕೊಮ್ಮೆ ರಕ್ತ ತೆಗೆಯುತ್ತಾರೆ. ಹಿಮ್ಮಡಿಯಲ್ಲಿ ಸೂಜಿಯ ಗುರುತು ನೋಡಿದೆ. ಸ್ಕ್ಯಾನಿನಲ್ಲಿ ಮಿದುಳಿನೊಳಗೆ ಎರಡು ಚಿಕ್ಕ ಸುಣ್ಣದ ಚುಕ್ಕೆ ಕಂಡಿವೆ. ಸದ್ಯ ಏನೂ ತೊಂದರೆಯಿಲ್ಲ, ಬೆಳೆಯುತ್ತ ನೋಡಬೇಕು ಎಂದು ಬರೆದಿದ್ದಾರೆ. ಕಣ್ಣಿನ ಕಲೆ ದೃಷ್ಟಿಯ ನಡುಮಧ್ಯದಲ್ಲೇ ಇದೆ.

ಮಗು ಚೆನ್ನಾಗಿ ನಗುತ್ತದೆ. ಹೆಸರು ಮಹತಿ. ಯಾರನ್ನಾದರೂ ನೋಡಬೇಕಾದರೆ ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಎಡಗಣ್ಣಿನಿಂದ ನೋಡುತ್ತದೆ. ತನಗೆ ತಾನೇ ಕಲಿತಿದೆ.

ಸುದರ್ಶನನ ತಾಯಿ ಅನುಸೂಯಮ್ಮ ಕಾಫಿ ಕೊಟ್ಟು ಎದುರಿಗೇ ಕೂತರು. "ಡಾಕ್ಟ್ರೇ, ನೀವೇ ಹೇಳಿ. ಬಸುರೀಲಿ ಆಫೀಸಲ್ಲಿ ಚಿಕನ್ ತಿಂದಿದಾಳಂತೆ. ನಮ್ಮನೇಲಿ ಯಾರೂ ಮುಟ್ಟಿದವರಲ್ಲ. ಅದ್ರಿಂದ್ಲೇ ತಾನೇ ಇದು?"

ಪ್ರಣತಿ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ಮಾತ್ರೆ ಪುಡಿ ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ನಾನು ಹೇಳಿದೆ: "ಹಾಗೆ ಹೇಳಕ್ಕಾಗಲ್ಲ ಅಮ್ಮ. ಬಾಕ್ಸ್ ಹಿಲ್ ಮನೆ ಹಿಂದೆ ಮೆಂತ್ಯ, ಪಾಲಕ್ ಬೆಳೆದಿದ್ರಲ್ಲ. ಅಕ್ಕಪಕ್ಕದ ಬೆಕ್ಕು ಅಲ್ಲೇ ಓಡಾಡ್ತಿದ್ವು. ಶುದ್ಧ ಸಸ್ಯಾಹಾರಿಗಳಿಗೂ ಬರತ್ತೆ. ಎಲ್ಲಿಂದ ಬಂತು ಅಂತ ಯಾವ ಡಾಕ್ಟ್ರೂ ಹೇಳಲಾರ. ಯಾರ ತಪ್ಪೂ ಅಲ್ಲ."

ಯಾರ ತಪ್ಪೂ ಅಲ್ಲ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು.

ಪ್ರಣತಿಯ ಕಣ್ಣು ತುಂಬಿತು. ಹೊರಡುವಾಗ ಕಾಲಿಗೆ ನಮಸ್ಕಾರ ಮಾಡಿದಳು. "ನೀವು ಬಂದಿದ್ದು ತುಂಬಾ ಒಳ್ಳೇದಾಯ್ತು ಅಂಕಲ್." ಹಿಂದೆ ಸರಿಯಬೇಕೆಂದುಕೊಂಡೆ, ಸರಿಯಲಿಲ್ಲ. ಆಶೀರ್ವಾದವನ್ನೂ ಮಾಡಿದೆ.

೨೯ ಜನವರಿ

ಏನೂ ಬರೆಯಬೇಕೆನಿಸುತ್ತಿಲ್ಲ.

೧೧ ಫೆಬ್ರವರಿ

ಗೆಳೆಯ ಯತೀಶ್ ವಾಕಿಂಗ್‌ನಲ್ಲಿ ಸಿಕ್ಕಿದ್ದ. ಮೊಣಕಾಲು ಊದಿದೆ ನೋಡು ಎಂದು ಪ್ಯಾಂಟು ಮೇಲೆತ್ತಿದ. ನಿನ್ನ ಜಿಪಿಗೆ ತೋರಿಸು ಎಂದೆ. "ಏನೋ ಗೋಪಿ, ಇಷ್ಟಕ್ಕೆಲ್ಲ ಜಿಪಿ ಅಂತೀಯ?" ಎಂದ. ನಾನು ರಿಟೈರ್ಡ್ ಎಂದು ಜೋರಾಗಿಯೇ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಹೋದ.

ಮನೆಗೆ ಬಂದು ಮಹತಿಯ ರಕ್ತದ ರಿಪೋರ್ಟಿಗೆ ಕಾದೆ. ಸುದರ್ಶನ್ ಪ್ರತಿ ಸಲ ಫೋಟೊ ಕಳಿಸುತ್ತಾನೆ. ಬಿಳಿಕಣ ಇಳಿದಿವೆ. ಇನ್ನೂ ಸ್ವಲ್ಪ ಇಳಿದರೆ ಔಷಧ ನಿಲ್ಲಿಸಬೇಕಾಗುತ್ತದೆ.

೨೫ ಫೆಬ್ರವರಿ

ಬಿಳಿಕಣ ಮೇಲೇರಿವೆ. ಭಾಗೀರಥಿಗೆ ಎರಡು ಸಲ ಹೇಳಿದೆನಂತೆ. "ಗೊತ್ತಾಯ್ತು ಬಿಡಿ, ಆಗ್ಲೇ ಹೇಳಿದ್ರಿ" ಎಂದಳು.

೧೩ ಮಾರ್ಚ್, ಗುರುವಾರ

ಇವತ್ತಿನದನ್ನು ಬರೆಯದೆ ಬಿಡಬಹುದಿತ್ತು.

ಮೂರು ಗಂಟೆಗೆ ಪ್ರಣತಿ ಫೋನ್ ಮಾಡಿದಳು. ಮಗು ಮಲಗಿತ್ತು, ಅತ್ತೆ ಕೆಳಗೆ ಪಾರ್ಕಿಗೆ ಹೋಗಿದ್ದರು. ದನಿ ತೀರ ತಗ್ಗಿತ್ತು.

"ಅಂಕಲ್, ಒಂದು ವಿಷಯ ಯಾರಿಗೂ ಹೇಳಿಲ್ಲ. ಸ್ಪೆಷಲಿಸ್ಟ್ ಕೇಳಿದ್ರು, ಪ್ರೆಗ್ನೆನ್ಸೀಲಿ ಜ್ವರ ಗಿರ ಬಂದಿತ್ತಾ, ಕತ್ತಲ್ಲಿ ಗಂಟಾಗಿತ್ತಾ ಅಂತ. ಪಕ್ಕದಲ್ಲಿ ಸುದರ್ಶನ್, ಅತ್ತೆ ಇಬ್ಬರೂ ಇದ್ರು. ಇಲ್ಲ ಅಂದ್ಬಿಟ್ಟೆ."

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಆಗಿತ್ತಲ್ಲ ಅಂಕಲ್. ನಿಮಗೆ ತೋರಿಸಿದ್ದೆ, ನೆನಪಿದ್ಯೋ ಇಲ್ವೋ. ಆಮೇಲೆ ಬುಧವಾರದ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೆ. ಈಗ ಹೇಳಿದ್ರೆ ಯಾಕೆ ಹೋಗ್ಲಿಲ್ಲ ಅಂತಾರೆ. ನೀವೇನು ಡ್ಯೂಟೀಲಿ ಇರ್ಲಿಲ್ಲ, ಊಟಕ್ಕೆ ಬಂದಿದ್ರಿ. ನಾನೇ ಹೋಗಬೇಕಿತ್ತು, ಅಲ್ವಾ?"

ನಾನು "ಹೂಂ" ಎಂದೆ.

ಹೂಂ ಎಂದೆ. ನೆನಪಿಲ್ಲ ಎಂದಿದ್ದರೆ ಸುಳ್ಳಾಗುತ್ತಿತ್ತು, ಅಷ್ಟೇ. ಇದು ಸುಳ್ಳಿಗಿಂತ ಕೀಳು. ಅವಳು ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದರ ಮೇಲೆ ನನ್ನದನ್ನೂ ಇಟ್ಟೆ. ಅವಳು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು.

೧೪ ಮಾರ್ಚ್

ಕನ್ನಡಿಯ ಮುಂದೆ ಶೇವ್ ಮಾಡಿಕೊಳ್ಳಲಾಗದೆ ಅರ್ಧಕ್ಕೇ ಬಿಟ್ಟು ಬಂದೆ. ಎಪ್ಪತ್ತೊಂದು ವರ್ಷದವನ ಅವಸ್ಥೆ.

೧೬ ಮಾರ್ಚ್, ಭಾನುವಾರ

ಭಾಗೀರಥಿಗೆ ಹೇಳಿದೆ. ಅವಳು ಹುರುಳಿಕಾಯಿ ಬಿಡಿಸುತ್ತಿದ್ದಳು. ಏಪ್ರಿಲಿನ ಗಂಟಿನಿಂದ ಗುರುವಾರದ ಹೂಂ ತನಕ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬಿಡಿಸುವುದನ್ನು ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡಳು.

"ಅವತ್ತು ಅವಳನ್ನ ನಿಮ್ಮ ಹತ್ರ ಕಳಿಸಿದ್ದು ನಾನೇ ಕಣ್ರೀ" ಎಂದಳು ಆಮೇಲೆ. "ಜಿಪಿ ಯಾಕೆ, ನಮ್ಮೋರೇ ಇದಾರಲ್ಲ, ತೋರಿಸು ಅಂದೆ. ಎಷ್ಟು ಹೆಮ್ಮೆಯಿಂದ ಹೇಳಿದ್ದೆ."

ನನಗಿದು ಗೊತ್ತೇ ಇರಲಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ಕೂತಿದ್ದೆವು. ಸಂಜೆಯ ವಾಕಿಂಗಿಗೂ ಹೋಗಲಿಲ್ಲ.

ರಾತ್ರಿ ಊಟವಾದ ಮೇಲೆ ಕೇಳಿದಳು: "ಹೋಗಿ ಹೇಳ್ತೀರಾ?"

"ಹೇಳಿದ್ರೆ ಅವರಿಗೆ ಇನ್ನೂ ನೋವಾಗತ್ತೆ. ಯಾರಿಂದಾನೂ ತಪ್ಪಿಸಕ್ಕಾಗ್ತಿರ್ಲಿಲ್ಲ ಅನ್ನೋ ಒಂದು ಸಮಾಧಾನ ಇದೆ ಅವರಿಗೆ" ಎಂದೆ.

"ಸುದರ್ಶನ್‌ಗೆ ಇರಬಹುದು. ಅವಳಿಗೆಲ್ಲಿದೆ?"

ಡಿಸೆಂಬರಿನಲ್ಲಿ ಬರೆದುಕೊಂಡ ಹಾಳೆಯನ್ನು ಹರಿದು ಹಾಕಿದೆ.

೫ ಏಪ್ರಿಲ್, ಶನಿವಾರ. ಸಿಡ್ನಿ ವಿಮಾನ ನಿಲ್ದಾಣ

ಹೇಳಿದೆ. ನಾಲ್ಕೂವರೆಯ ವಿಮಾನ ತಡವಾಗಿದೆ, ಇಲ್ಲೇ ಕೂತು ಬರೆಯುತ್ತಿದ್ದೇನೆ.

ಬರುತ್ತೇನೆ ಎಂದಾಗ ಸುದರ್ಶನ್ ಖುಷಿಪಟ್ಟಿದ್ದ, ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋದ. ಇಡ್ಲಿ ಮಾಡಿದ್ದರು. ತಿನ್ನುವ ಮೊದಲೇ ಹೇಳಬೇಕು ಎಂದುಕೊಂಡಿದ್ದೆ. ಅನುಸೂಯಮ್ಮ ಬಡಿಸಿಯೇಬಿಟ್ಟರು. ಎರಡು ತಿಂದೆ. ಮೂರನೆಯದನ್ನು ಬೇಡವೆಂದು ಕೈ ಅಡ್ಡ ಹಿಡಿದು, ಹಾಗೇ ಶುರು ಮಾಡಿದೆ.

"ಕಳೆದ ವರ್ಷದ ಯುಗಾದಿ ಊಟದ ದಿನ ಪ್ರಣತಿ ನನಗೆ ಕತ್ತಿನ ಗಂಟು ತೋರಿಸಿದ್ಲು. ಅದು ಈ ಸೋಂಕಿನದೇ ಇರಬೇಕು. ಜಿಪಿ ಹತ್ರ ಹೊರಟಿದ್ದವಳನ್ನ ಬೇಡ ಅಂತ ತಡೆದವನು ನಾನು. ಆವತ್ತು ರಕ್ತ ಪರೀಕ್ಷೆ ಆಗಿದ್ದಿದ್ರೆ ಆವಾಗ್ಲೇ ಔಷಧ ಶುರು ಮಾಡಬಹುದಿತ್ತು. ಕಣ್ಣು ಉಳೀತಿತ್ತು ಅಂತ ಹೇಳಲಾರೆ. ಉಳಿಯೋ ಅವಕಾಶ ಇತ್ತು. ಅದನ್ನ ನಾನು ಕಳೆದೆ. ಇದು ನನಗೆ ಡಿಸೆಂಬರಿಂದ ಗೊತ್ತು."

ಮಿಕ್ಸಿಯೋ ಏನೋ ಪಕ್ಕದ ಮನೆಯಲ್ಲಿ ಓಡುತ್ತಿತ್ತು. ಸುದರ್ಶನ್ ಹೆಂಡತಿಯ ಕಡೆ ತಿರುಗಿದ. "ಗಂಟಾಗಿತ್ತಾ? ನನಗೆ ಯಾಕೆ ಹೇಳಿಲ್ಲ?"

"ಅವಳನ್ನ ಕೇಳಬೇಡ" ಎಂದೆ. "ನನ್ನನ್ನ ಕೇಳು."

ಅವನು ಎದ್ದು ಬಾಲ್ಕನಿಗೆ ಹೋದ. ಗಾಜಿನ ಬಾಗಿಲಾಚೆ ಅವನ ಬೆನ್ನು ಕಾಣುತ್ತಿತ್ತು.

ಅನುಸೂಯಮ್ಮ ಇಡ್ಲಿ ಪಾತ್ರೆಯನ್ನು ಹಿಡಿದುಕೊಂಡೇ ನಿಂತಿದ್ದರು. "ಜನವರೀಲಿ ಇಲ್ಲೇ ಕೂತು ಯಾರ ತಪ್ಪೂ ಅಲ್ಲ ಅಂದ್ರಲ್ಲ ಡಾಕ್ಟ್ರೇ" ಎಂದರು. ಆಮೇಲೆ ಪಾತ್ರೆಯನ್ನು ಕೆಳಗಿಟ್ಟು, "ನಾನು ಈ ಹುಡುಗೀನ ಮೂರು ತಿಂಗಳಿಂದ ಹುರಿದು ಮುಕ್ಕಿದೀನಿ" ಎಂದು ಮಹತಿ ಮಲಗಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಪ್ರಣತಿ ಅಳಲಿಲ್ಲ. ಮೇಜಿನ ಆಚೆ ಕೂತು ನೇರವಾಗಿ ನನ್ನನ್ನೇ ನೋಡಿದಳು.

"ಗಂಟು ನೋಡಿ ವೈರಲ್ ಅಂದ್ರಿ. ಅದು ತಪ್ಪು ಅಂಕಲ್, ಯಾರಿಗಾದ್ರೂ ಆಗತ್ತೆ. ಆದ್ರೆ ಮೊನ್ನೆ ನಾನೇ ಹೋಗಬೇಕಿತ್ತು ಅಲ್ವಾ ಅಂತ ಕೇಳಿದಾಗ ಹೂಂ ಅಂದ್ರಲ್ಲ. ನೀವು ಇಲ್ಲ ಅಂತೀರಾ ಅಂತಾನೇ ನಾನು ಫೋನ್ ಮಾಡಿದ್ದು."

"ಗೊತ್ತು."

"ಗೊತ್ತಿದ್ದೂ ಅಂದ್ರಿ."

"ಹೌದಮ್ಮ."

"ಆ ಹೂಂ ಆದ್ಮೇಲೆ ಎರಡು ದಿನ ನಾನು ಮಗೂನ ಎತ್ಕೊಳ್ಳಲಿಲ್ಲ. ಅತ್ತೆ ಕೈಗೇ ಕೊಟ್ಟೆ. ನಾನು ಮುಟ್ಟಿದ್ರೆ ಇನ್ನೇನಾದ್ರೂ ಆಗತ್ತೆ ಅನ್ನಿಸ್ತಿತ್ತು."

ಕ್ಷಮಿಸು ಎಂದೆ. ಇಷ್ಟು ದಿನ ಮನಸ್ಸಿನಲ್ಲೇ ಎಷ್ಟೋ ರೀತಿ ಹೇಳಿಕೊಂಡಿದ್ದ ಮಾತು, ಬಾಯಿಂದ ಬಂದಾಗ ಬರೀ ಆ ಒಂದು ಪದ. ಅವಳು ಎದ್ದು ಹೋಗಿ ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟಳು.

"ಸ್ಪೆಷಲಿಸ್ಟ್‌ಗೆ ನಾನು ಸುಳ್ಳು ಹೇಳಿದೀನಿ. ಅದು ಫೈಲಲ್ಲಿದೆ. ನೀವು ಬರೆದುಕೊಡಿ, ತಾರೀಕು ಹಾಕಿ. ನೀವು ಏನು ನೋಡಿದ್ರಿ, ಏನು ಹೇಳಿದ್ರಿ, ಎಲ್ಲಾ."

ಅಲ್ಲೇ ಬರೆದೆ. ಒಂದು ಪುಟ. ಗಂಟು ಯಾವ ಕಡೆ, ಎಷ್ಟು ದೊಡ್ಡದು, ಎಷ್ಟು ದಿನದ್ದು. 'ಆಕೆ ವೈದ್ಯರ ಬಳಿ ಹೋಗುವವಳಿದ್ದಳು, ನನ್ನ ಸಲಹೆಯಂತೆ ಹೋಗಲಿಲ್ಲ' ಎಂಬ ಸಾಲನ್ನು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ. ಅವಳು ಓದಿದಳು. ಒಂದು ಕಡೆ ಬೆರಳಿಟ್ಟು, "ಸುಸ್ತು ಅಂತಾನೂ ಹೇಳಿದ್ದೆ, ಅದು ಬಿಟ್ಟಿದೀರ" ಎಂದಳು. ಸೇರಿಸಿದೆ.

ಸುದರ್ಶನ್ ಒಳಗೆ ಬಂದ. "ಅಂಕಲ್, ಪ್ಲೀಸ್ ಹೊರಡಿ" ಎಂದ. ಅಂಕಲ್ ಎಂದೇ ಅಂದ. ಲಿಫ್ಟಿನವರೆಗೂ ಯಾರೂ ಬರಲಿಲ್ಲ.

ವಿಮಾನದ ಕರೆ ಬಂತು.

೨೦ ಏಪ್ರಿಲ್

ರಿಪೋರ್ಟಿನ ಫೋಟೊ ಬರುವುದು ನಿಂತಿದೆ. ಮಹತಿಯ ಬಿಳಿಕಣ ಎಷ್ಟಿವೆಯೋ ತಿಳಿಯದು.

೯ ಮೇ

ವಿಷಯ ಇಲ್ಲಿಯ ಕನ್ನಡದವರಿಗೂ ಮುಟ್ಟಿದೆ. ಅವರಲ್ಲೊಬ್ಬರು, ಜಯಲಕ್ಷ್ಮಿ, ಭಾಗೀರಥಿಯ ಹತ್ತಿರ, "ನಿಮ್ಮೆಜಮಾನ್ರು ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು, ಯಾಕೆ ಬೇಕಿತ್ತು?" ಎಂದರಂತೆ. ನಾನು ಇದ್ದಲ್ಲಿ ಜನ ದನಿ ತಗ್ಗಿಸುತ್ತಾರೆ. ಯತೀಶ್ ಮಾತ್ರ ಎಂದಿನಂತೆ ಬಂದ. ಮೊಣಕಾಲಿಗೆ ಎಂಆರ್‌ಐ ಆಯಿತಂತೆ, ಒಳಗೆ ಹರಿದಿದೆಯಂತೆ. ಏನು ಮಾಡಿಸಲಿ ಎಂದು ಕೇಳಿದ. ನನಗೆ ಗೊತ್ತಿಲ್ಲ ಕಣೋ, ಕೇಳಬೇಕಾದ ಪ್ರಶ್ನೆಗಳನ್ನು ಬೇಕಾದರೆ ಕೂತು ಬರೆಯೋಣ ಎಂದೆ. ಬರೆದೆವು. ಚಹಾ ಕುಡಿದು ಹೋದ.

೧ ಜೂನ್

ಮಹತಿಗೆ ಈಗ ಒಂಬತ್ತೂವರೆ ತಿಂಗಳು. ಅಂಬೆಗಾಲು ಶುರುವಾಗಿರಬೇಕು. ಬಲಗಡೆಯ ಮೇಜಿನ ಮೂಲೆ, ಕುರ್ಚಿಯ ಕಾಲು ಸರಿಯಾಗಿ ಕಾಣುತ್ತವೋ ಇಲ್ಲವೋ. ಮೂಲೆಗಳಿಗೆ ಮೆತ್ತನೆಯ ಪಟ್ಟಿ ಅಂಟಿಸಿ ಎಂದು ಮೆಸೇಜ್ ಬರೆದು, ಕಳಿಸದೆ ಅಳಿಸಿದೆ. ಅವರಿಗೆ ತಿಳಿಯದೆ ಇರುತ್ತದೆಯೇ.

೮ ಜುಲೈ

ಪ್ರಣತಿಯ ಮೆಸೇಜ್, ಮೂರು ತಿಂಗಳ ನಂತರ. 'ಮುಂದಿನ ಮಂಗಳವಾರ ಕಣ್ಣಿನ ಚೆಕಪ್. ಸುದರ್ಶನ್‌ಗೆ ಮೆಲ್ಬರ್ನ್‌ನಲ್ಲಿ ಟ್ರೇನಿಂಗ್. ಅತ್ತೆ ಮೈಸೂರಿಗೆ ವಾಪಸ್ ಹೋದ್ರು. ಅವಳನ್ನ ಹಿಡ್ಕೊಳ್ಳೋಕೆ ಇನ್ನೊಬ್ಬರು ಬೇಕು. ಬರ್ತೀರಾ?'

ಸಿಡ್ನಿಯಲ್ಲಿ ಹಿಡಿದುಕೊಳ್ಳುವವರು ಬೇರೆ ಯಾರೂ ಇಲ್ಲವೇ ಎಂದು ಭಾಗೀರಥಿ ಕೇಳಿದಳು. ನಾನು ಟಿಕೆಟ್ ಬುಕ್ ಮಾಡುತ್ತಿದ್ದೆ.

೧೫ ಜುಲೈ, ಮಂಗಳವಾರ. ಸಿಡ್ನಿ

ಮಹತಿ ನನ್ನನ್ನು ಕಂಡದ್ದೇ ಅತ್ತಳು. ಗುರುತಿಲ್ಲವಲ್ಲ. ಎರಡು ಹಲ್ಲು ಬಂದಿವೆ. ಕಾಯುವ ಕೋಣೆಯಲ್ಲಿ ಆಟದ ಸಾಮಾನಿನ ಬುಟ್ಟಿಯನ್ನು ಬೋರಲು ಹಾಕಿದಳು. ಮೂರು ಸಲ ಆರಿಸಿ ತುಂಬಿದೆ, ಮೂರು ಸಲವೂ ಬೋರಲು ಹಾಕಿದಳು. ಪ್ರಣತಿ ನನ್ನೊಡನೆ ಹೆಚ್ಚು ಮಾತಾಡಲಿಲ್ಲ.

ಒಳಗೆ ಡಾಕ್ಟರು ಕಣ್ಣಿಗೆ ಹನಿ ಹಾಕಿಸಿ, ಟವೆಲಿನಲ್ಲಿ ಸುತ್ತಿ, ತಲೆ ಅಲ್ಲಾಡದಂತೆ ಹಿಡಿಯಬೇಕು ಎಂದರು. ನನ್ನ ಕಡೆ ನೋಡಿ, "ಗ್ರ್ಯಾಂಡ್‌ಫಾದರ್?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಪ್ರಣತಿ ಇಂಗ್ಲಿಷಿನಲ್ಲಿ ಹೇಳಿದಳು, ಇವರು ಡಾಕ್ಟರ್ ಗೋಪೀನಾಥ, ಫೈಲಿನಲ್ಲಿ ಇವರ ಪತ್ರವಿದೆ ಎಂದು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮೃದುತನವೂ ಇರಲಿಲ್ಲ. ಡಾಕ್ಟರು ಫೈಲಿನತ್ತ ನೋಡಿದರು, ನನ್ನತ್ತ ನೋಡಿದರು. "ರೈಟ್" ಎಂದು ದೀಪ ಹಚ್ಚಿಕೊಂಡರು.

ಎರಡೂ ಅಂಗೈ ನಡುವೆ ತಲೆಯನ್ನು ಹಿಡಿದೆ. ಅವಳು ಕಿರುಚಿ ಕಿರುಚಿ ಕೆಂಪಾದಳು. ರೆಪ್ಪೆ ತೆರೆದಿಡುವ ತಂತಿ ಹಾಕಿದಾಗ ಪ್ರಣತಿ ಗೋಡೆ ಕಡೆ ತಿರುಗಿದಳು. ನಾನು ತಿರುಗುವಂತಿರಲಿಲ್ಲ. ನಾಲ್ಕು ನಿಮಿಷ.

ಕಲೆ ಹಾಗೇ ಇದೆ, ಬೆಳೆದಿಲ್ಲ, ಹೊಸದೂ ಇಲ್ಲ. ಎಡಗಣ್ಣು ಚೆನ್ನಾಗಿದೆ. ಬಲಗಣ್ಣಿನ ನಡುವಿನ ನೋಟ ಬರುವುದಿಲ್ಲ, ಅಂಚಿನದು ಇರುತ್ತದೆ. ಔಷಧ ಡಿಸೆಂಬರಿನವರೆಗೆ. ಇದು ದೊಡ್ಡವಳಾದ ಮೇಲೂ ಮರಳಿ ಕೆರಳಬಹುದು, ಬಿಡದೆ ತೋರಿಸುತ್ತಿರಬೇಕು ಎಂದರು.

ಹೊರಗೆ ಕೌಂಟರಿನ ಹತ್ತಿರ ಮಹತಿ ಬಿಕ್ಕುತ್ತ ಬಿಕ್ಕುತ್ತ ನನ್ನ ಹೆಗಲ ಮೇಲೇ ನಿದ್ದೆ ಹೋದಳು. ಪ್ರಣತಿ ಎತ್ತಿಕೊಳ್ಳಲು ಕೈ ಚಾಚಿದವಳು, ನೋಡಿ, ಕೈಯನ್ನು ಹಿಂದೆ ತೆಗೆದುಕೊಂಡಳು. ಮುಂದಿನ ಚೆಕಪ್‌ನ ಚೀಟಿ ತೆಗೆದುಕೊಂಡು ಬಂದು ಓದಿ ಹೇಳಿದಳು:

"ಅಕ್ಟೋಬರ್ ಹದಿನಾಲ್ಕು, ಬೆಳಿಗ್ಗೆ ಒಂಬತ್ತೂವರೆ."

ಎಚ್ಚರವಾಗದ ಹಾಗೆ ಒಂದು ಕೈಯಲ್ಲಿ ಫೋನ್ ತೆಗೆದು ಬರೆದುಕೊಂಡೆ.